ಲೆನ್ಸ್ ತೆಗೆದಿಟ್ಟು ಬಾ

ಮನೆಯಿಂದ, ಜುಲೈ ೧೧

ಪ್ರೀತಿಯ ಚಿನ್ನು,

ಮನೆಯ ಸುದ್ದಿ ನಾಲ್ಕು ಸಾಲು ಗೀಚಿ ಮುಗಿಸೋಣ ಅಂತಲೇ ಕೂತಿದ್ದೆ. ಹೇಳಲೇಬೇಕಾದ ಒಂದು ಮಾತನ್ನು ಇನ್ನೇನು ನುಂಗಿಬಿಡುವವಳಿದ್ದೆ. ಹೇಗಿದ್ದೀಯಾ? ಮೊಡವೆ ಕಡಿಮೆಯಾಯಿತೇ? ಹೊಸ ರೂಮಿನ ಕಿಟಕಿ ಈಗಲಾದರೂ ಸರಿಯಾಗಿ ಮುಚ್ಚುತ್ತದೆಯೇ?

ನಿನ್ನೆ ನಮ್ಮ ಕನ್ನಡಕದ ಅಂಗಡಿಗೆ ಒಬ್ಬ ಹುಡುಗಿ ಬಂದಿದ್ದಳು. ಕಣ್ಣೊಳಗೆ ಗಟ್ಟಿ ಕಾಂಟ್ಯಾಕ್ಟ್ ಲೆನ್ಸ್ ಹಾಕಿಕೊಂಡೇ ಕಣ್ಣಿನ ಪರೀಕ್ಷೆಗೆ ಕೂತಳು. ನಾನು ಎಂದಿನಂತೆ, "ಲೆನ್ಸ್ ತೆಗೆದಿಟ್ಟು ಕೆಲವು ವಾರ ಬಿಟ್ಟು ಬಾಮ್ಮಾ. ಈಗ ಅಳೆದರೆ ಲೆನ್ಸ್ ಒತ್ತಿದ ಕಣ್ಣಿನ ಅಳತೆ ಬರುತ್ತೆ, ನಿನ್ನದಲ್ಲ" ಎಂದು ವಾಪಸ್ ಕಳಿಸಿದೆ. ಅವಳು ಬಾಗಿಲು ದಾಟುವಷ್ಟರಲ್ಲಿ ನನ್ನದೇ ಒಂದು ಸುಳ್ಳು ನೆನಪಾಯಿತು. ನಿನ್ನ ಹಾರ್ಮೋನ್ ಪರೀಕ್ಷೆಯ ದಿನ ಡಾಕ್ಟರು, "ಯಾವುದಾದರೂ ಮಾತ್ರೆ ತಗೋತಿದ್ದೀಯಾ?" ಅಂತ ಕೇಳಿದ್ದು ನಿನ್ನನ್ನು. "ಏನೂ ಇಲ್ಲ ಡಾಕ್ಟ್ರೇ" ಅಂದದ್ದು ನಾನು. ಮೊಡವೆಗೆಂದು ಚರ್ಮದ ಡಾಕ್ಟರು ಕೊಟ್ಟ ಆ ಮಾತ್ರೆ ಗರ್ಭ ನಿಲ್ಲದಿರಲೂ ತಗೊಳ್ಳುವಂಥದ್ದು; ಪಕ್ಕದಲ್ಲೇ ಅಪ್ಪನ ತಂಗಿ, ನಿಮ್ಮತ್ತೆ, ಕಿವಿ ನಿಮಿರಿಸಿಕೊಂಡು ಕೂತಿದ್ದಳು. ನೀನು ನನ್ನ ಮುಖ ನೋಡಿದೆ. ಹೊರಗೆ ಬಂದ ಮೇಲೆ, "ನನ್ನ ಹೊಟ್ಟೆಗೂ ನೀನೇ ವಕೀಲೆ ಬಿಡಮ್ಮಾ" ಅಂತ ನಗಾಡಿದೆ. ನಾನೂ ನಕ್ಕೆನಲ್ಲ!

ಪಕ್ಕದ ಮೆಡಿಕಲ್ ಅಂಗಡಿಯವರನ್ನು ಯಾರದೋ ವಿಷಯ ಎಂಬಂತೆ ಕೇಳಿದೆ. ಅಂಥ ಮಾತ್ರೆ ಗಂಡು ಹಾರ್ಮೋನಿನ ಮಟ್ಟವನ್ನು ತಗ್ಗಿಸಿಬಿಡುತ್ತದಂತೆ. ಸಾಮಾನ್ಯವಾಗಿ ಮಾತ್ರೆ ನಿಲ್ಲಿಸಿ ಮೂರು ತಿಂಗಳು ಬಿಟ್ಟು ಪರೀಕ್ಷೆ ಮಾಡಬೇಕಂತೆ. ಅಂದರೆ ನಿನ್ನ ರಿಪೋರ್ಟಿನಲ್ಲಿ ಬಂದ ಆ "ನಾರ್ಮಲ್" ನಂಬುವಂಥದ್ದಲ್ಲ. ಗಂಡು ಹಾರ್ಮೋನು ಹೆಚ್ಚಾಗುವ ಪಿಸಿಓಎಸ್ ತೊಂದರೆ ಇರಬಹುದೆಂಬ ಡಾಕ್ಟರ ಅನುಮಾನ ಇನ್ನೂ ಹಾಗೇ ಇದೆ. ಮಾತ್ರೆ ಶುರುಮಾಡುವ ಮೊದಲು ನೀನು ತಿಂಗಳುಗಟ್ಟಲೆ ಮುಟ್ಟಾಗುತ್ತಿರಲಿಲ್ಲ, ಗಲ್ಲದ ಕೂದಲು ಕೀಳುತ್ತಾ ಕನ್ನಡಿ ಮುಂದೆ ಅಳುತ್ತಿದ್ದೆ. ನಾನೋ ರಿಪೋರ್ಟ್ ಬಂದದ್ದೇ ತಡ, "ಎಲ್ಲ ಸರಿಯಿದೆ, ಇನ್ನು ಸುಮ್ಮನೆ ತಲೆ ಕೆಡಿಸಿಕೊಳ್ಳಬೇಡ" ಅಂತ ಫೋನಿನಲ್ಲಿ ಗದರಿದೆ. ನೀನು ಮುಂದಿನ ಭೇಟಿಯನ್ನೇ ರದ್ದು ಮಾಡಿದೆ.

ನಿನ್ನ ಆರೋಗ್ಯಕ್ಕಿಂತ ನಿಮ್ಮತ್ತೆಯ ಬಾಯಿ ನನಗೆ ದೊಡ್ಡದಾಯಿತೇ? ಆ ಗಳಿಗೆಯಲ್ಲಿ ಆಯಿತು. ಬೇರೆ ಉತ್ತರ ಹುಡುಕಿದೆ, ಸಿಗಲಿಲ್ಲ.

ಅಪ್ಪ ನಿನ್ನನ್ನು ಕೇಳಿದರೆಂದು ಬರೆಯಲು ಹೇಳಿದರು. ಹೊತ್ತಿಗೆ ಸರಿಯಾಗಿ ಊಟ ಮಾಡು, ಕಂದಾ. ನಿನಗೆ ಒಳ್ಳೆಯದಾಗಲಿ.

ನಿನ್ನ ಅಮ್ಮ

ಇನ್ನೊಂದು: ಮಾತ್ರೆಯನ್ನು ನೀನಾಗಿ ನಿಲ್ಲಿಸಬೇಡ, ಮೊದಲು ಡಾಕ್ಟರಿಗೆ ನಿಜ ಹೇಳು. ನಾನೇ ಹೇಳಿಬಿಡೋಣವೆಂದು ಅವರ ನಂಬರ್ ಒತ್ತಿ, ಕಟ್ ಮಾಡಿದೆ. ಮತ್ತೆ ನಿನ್ನ ಬಾಯಿಗೆ ಅಡ್ಡ ಬಂದಂತಾಗುತ್ತಿತ್ತು. ನೀನೇ ಹೋಗು. ಕರೆದರೆ ಬರುತ್ತೇನೆ, ಹೊರಗಿನ ಬೆಂಚಿನಲ್ಲಿ ಕೂರುತ್ತೇನೆ. ಫೋನಿನಲ್ಲಾಗಿದ್ದರೆ ನೀನು "ಹೋಗಲಿ ಬಿಡಮ್ಮಾ" ಅಂದುಬಿಡುತ್ತಿದ್ದೆ, ಅದಕ್ಕೇ ಈ ಕಾಗದ. ಮನಸ್ಸು ಬದಲಾಗುವ ಮೊದಲು, ಅಂಗಡಿಗೆ ಹೋಗುವ ದಾರಿಯಲ್ಲೇ ಪೋಸ್ಟ್ ಮಾಡುತ್ತೇನೆ: ನಾಳೆ, ಜುಲೈ ಹನ್ನೆರಡು.