ಮೊರದಲ್ಲಿ ಮಾರಿದ ಹೆಣ್ಣುಮಕ್ಕಳು

ಅವ್ವಾ,

ಈ ಕಥೆಯನ್ನು ನನಗೆ ಮೊದಲು ಹೇಳಿದವಳು ನೀನೇ. ನಾನು ಶಾಲೆಗೆ ಸೇರುವ ವರ್ಷ. ನೀನು ಕಟ್ಟೆಯ ಮೇಲೆ ಕೂತು ಜೋಳ ಹಸನು ಮಾಡುತ್ತಿದ್ದಿ. ನಾನು ಯಾತಕ್ಕೋ ಹಟ ಮಾಡಿದೆ. ಕೈಯಲ್ಲಿದ್ದ ಮೊರವನ್ನು ನನ್ನ ಮುಖಕ್ಕೆ ಹಿಡಿದು, "ಭಾಳ ಮಾತಾಡಬ್ಯಾಡ. ನಿನ್ನ ಇದರಾಗ ಹಾಕಿ ಬಾಜೂಮನಿ ನೀಲವ್ವಗ ಮಾರೇನಿ, ಒಂದ ಮೊರ ತೌಡಿಗೆ. ನೀ ನನ್ನ ಮಗಳ ಅಲ್ಲ" ಅಂದಿ. ನಾನು ಅತ್ತೆನೇ? ನೇರ ನೀಲವ್ವನ ಮನೆಗೆ ಓಡಿ, "ನಾ ನಿನ್ನ ಮಗಳಂತ, ಊಟಕ್ಕ ಹಾಕು" ಎಂದು ಮಣೆ ಹಾಕಿಕೊಂಡು ಕೂತೆ! ನನಗಿಂತ ಮುಂಚೆ ಹುಟ್ಟಿದ ಇಬ್ಬರು ತೊಟ್ಟಿಲಲ್ಲೇ ಹೋಗಿದ್ದರೆಂದೂ, ಮಾರಿದ ಕೂಸಿನ ಮೇಲೆ ಸಾವು ಕಣ್ಣು ಹಾಕುವುದಿಲ್ಲವೆಂದು ನಾನು ಹುಟ್ಟಿದಾಗಲೇ ಹೀಗೆ ಮಾಡಿದಿರೆಂದೂ, ಕೊಂಡ ನೀಲವ್ವ "ಸಾಕಿ ಕೊಡವಾ" ಎಂದು ನಿನ್ನ ಮಡಿಲಿಗೇ ತಿರುಗಿ ಹಾಕಿದಳೆಂದೂ ತಿಳಿದದ್ದು ಎಷ್ಟೋ ವರ್ಷದ ಮೇಲೆ.

ನೀನು ಇಂಗ್ಲಿಷರ ನಾಡಿಗೆ, ಕಿಂಗ್ಸ್‌ಬರಿಯ ನನ್ನ ಮನೆಗೆ ಬಂದಿದ್ದಾಗ ಹಿತ್ತಲ ಬೇಲಿಯ ಮೇಲಿಂದ ಒಬ್ಬಳು ಬೊಗಸೆ ತುಂಬ ಹಸಿಮೆಣಸಿನಕಾಯಿ ಕೊಟ್ಟಳಲ್ಲ, ನೆನಪಿದೆಯೆ? ಮಾಲಿ. ಥಾಯ್ಲೆಂಡಿನವಳು, ಅಕ್ಸ್‌ಬ್ರಿಡ್ಜಿನ ಕಾಲೇಜಿನ ಕ್ಯಾಂಟೀನಿನಲ್ಲಿ ಅಡುಗೆ ಮಾಡುವವಳು. ನೀನು ನಿನ್ನ ಮಾತಿನಲ್ಲಿ, ಅವಳು ಅವಳ ಮಾತಿನಲ್ಲಿ ಎಷ್ಟೊತ್ತು ಹರಟಿದಿರಿ! "ಏನಂತಾಳವ್ವಾ?" ಅಂದರೆ "ಈ ಊರಾಗ ಮೆಣಸಿನಕಾಯಿಗೂ ಥಂಡಿ ಹತ್ತೇದ ಅಂತಾಳ" ಅಂದಿ. ನೀನು ಕಣ್ಣು ಮುಚ್ಚಿದ ಕೆಲ ವರ್ಷಕ್ಕೆ, ಹೊಸ ಶತಮಾನ ಕಾಲಿಟ್ಟ ಹೊತ್ತಿಗೆ, ಅವಳ ಅಪ್ಪನೂ ಹೋದ.

ಅಪ್ಪನ ಕ್ರಿಯೆ ಮುಗಿಸಿ ಊರಿನಿಂದ ಬಂದವಳು ನನ್ನ ಅಡಿಗೆಮನೆಯಲ್ಲಿ ಕೂತು ಅಳತೊಡಗಿದಳು. ತಾಯಿ ಎಂದೋ ತೀರಿದ್ದಳು, ಇವಳೊಬ್ಬಳೇ ಮಗಳು. ಅಪ್ಪನ ಭತ್ತದ ಗದ್ದೆ ಇವಳಿಗೇ ಬರಬೇಕು. ಕೆಲಸ ಬಿಟ್ಟ ಮೇಲೆ ಆ ಗದ್ದೆಯ ಅಂಚಿಗೆ ಒಂದು ಮನೆ ಕಟ್ಟುತ್ತೇನೆಂದುಕೊಂಡೇ ಇಲ್ಲಿಯ ಚಳಿಯನ್ನೆಲ್ಲ ತಿಂದವಳು. ಆದರೆ ಅವಳು ಹುಟ್ಟಿದ್ದು ಮನೆಯಲ್ಲಿ, ಅಜ್ಜಿಯ ಕೈಯಲ್ಲಿ. ಹುಟ್ಟಿದ್ದನ್ನು ಯಾರೂ ಬರೆಸಲಿಲ್ಲ. ಶಾಲೆಗೆ ಸೇರಿಸುವಾಗ ಅಪ್ಪ ದುಡಿಯಲು ದೂರ ಹೋಗಿದ್ದ, ಸೋದರಮಾವ ತನ್ನ ಮಗಳೆಂದೇ ಬರೆಸಿಬಿಟ್ಟ. ನಮ್ಮ ಮಾಸ್ತರರು ಇಡೀ ಊರಿನ ಮಕ್ಕಳಿಗೆ ಜೂನ್ ಒಂದನೇ ತಾರೀಖು ಬರೆದರಲ್ಲ, ಹಾಗೆ. ಈಗ ಚಿಕ್ಕಪ್ಪ ಎದ್ದು ನಿಂತಿದ್ದ. "ನನ್ನಣ್ಣನಿಗೆ ಮಕ್ಕಳೇ ಇಲ್ಲ, ಕಾಗದ ನೋಡಿ. ಗದ್ದೆ ತಮ್ಮನಾದ ನನ್ನದು."

"ಗದ್ದೆ ಹೋಗಲಿ ಅಕ್ಕಾ, ನಾನು ಅಪ್ಪನ ಮಗಳೇ ಅಲ್ಲವಂತೆ..." ಎಂದಳು.

ನಿನ್ನ ಅಳಿಯ ಡಾಕ್ಟರಲ್ಲವೆ, ರಕ್ತ ಪರೀಕ್ಷೆ ಮಾಡಿಸಿ ಅಂದರು. ಅಪ್ಪನನ್ನು ಸುಟ್ಟಾಗಿತ್ತು. ಚಿಕ್ಕಪ್ಪ ತನ್ನ ರಕ್ತ ಕೊಟ್ಟಾನೆಯೇ? ಹುಟ್ಟಿದ್ದನ್ನು ಕಣ್ಣಾರೆ ಕಂಡವರು, ಗದ್ದೆಯಲ್ಲಿ ಪಾಲು ಇಲ್ಲದವರು ಬಂದು ಹೇಳಿದರೆ ನಡೆಯುತ್ತದೆ ಎಂದು ಅಲ್ಲಿಯ ವಕೀಲ ಹೇಳಿದ್ದನಂತೆ. ಅಂಥವರು ಎಲ್ಲಿದ್ದಾರೆ? ಅಜ್ಜಿ ಇಲ್ಲ, ಮಾವ ಇಲ್ಲ.

ಅಳುವವರ ಮುಂದೆ ಕಥೆ ತೆಗೆಯುವುದು ನೀನೇ ಹಚ್ಚಿದ ಚಟ. "ನೀನು ಅಪ್ಪನ ಮಗಳಲ್ಲ, ನಾನು ಅವ್ವನ ಮಗಳಲ್ಲ, ಜೋಡಿ ಸರಿಹೋಯಿತು" ಎಂದು ನಮ್ಮ ಮುರುಕು ಇಂಗ್ಲಿಷಿನಲ್ಲೇ ನಿನ್ನ ಕಥೆ ಶುರು ಮಾಡಿದೆ. ಮೊರಕ್ಕೆ ಇಂಗ್ಲಿಷಿನಲ್ಲಿ ಏನನ್ನುತ್ತಾರೋ ಯಾರಿಗೆ ಗೊತ್ತು? ನೀನು ಸೂಟ್‌ಕೇಸಿನಲ್ಲಿ ಹೊತ್ತು ತಂದ ಮೊರವನ್ನೇ ಫ್ರಿಜ್ಜಿನ ಮೇಲಿಂದ ಇಳಿಸಿ ತೋರಿಸಿದೆ. ಮಾಲಿ ಅದನ್ನು ನನ್ನ ಕೈಯಿಂದ ಕಸಿದುಕೊಂಡಳು.

"ನಮ್ಮಲ್ಲೂ! ಕೂಸನ್ನು ಇದರಲ್ಲಿ ಮಲಗಿಸಿ ಅಜ್ಜಿ ಕೂಗುತ್ತಾಳೆ. ಮೂರು ದಿನ ದೆವ್ವದ ಕೂಸು, ನಾಲ್ಕನೇ ದಿನ ಮನುಷ್ಯರ ಕೂಸು, ಯಾರದಿದು, ಬಂದು ಒಯ್ಯಿರಿ! ಆಗ ಬೇರೆ ಮನೆಯವರು ಬಂದು ಕೊಳ್ಳಬೇಕು."

"ಹಾಗಾದರೆ ನಿನ್ನನ್ನು ಕೊಂಡವರು ಯಾರೇ?"

ಅವಳ ಅಳು ನಿಂತುಬಿಟ್ಟಿತು. "ಬುವಾ ದೊಡ್ಡಮ್ಮ. ಪಕ್ಕದ ಮನೆಯವಳು." ಆಮೇಲೆ ಮೆಲ್ಲಗೆ, "ಅಕ್ಕಾ, ಅವಳು ಮಗಳ ಊರಿಗೆ ಹೋಗಿ ಎಷ್ಟೋ ಕಾಲವಾಯಿತು. ಇದ್ದಾಳೋ ಇಲ್ಲವೋ..."

ಮರುದಿನವೇ ಕ್ವೀನ್ಸ್‌ಬರಿಯ ಅಂಗಡಿಯಿಂದ ಫೋನ್ ಕಾರ್ಡುಗಳನ್ನು ತಂದು ನಮ್ಮ ಮೆಟ್ಟಿಲ ಮೇಲೆ ಕೂತಳು. ಊರಿನ ಕಿರಾಣಿ ಅಂಗಡಿಗೆ, ಅಲ್ಲಿಂದ ಇನ್ನೊಂದು ಊರಿನ ವಿಹಾರಕ್ಕೆ, ಅಲ್ಲಿಯ ಭಿಕ್ಷುವಿನಿಂದ ಯಾರದೋ ಅಳಿಯನಿಗೆ. ಕೊನೆಗೆ ಫೋನಿನೊಳಗಿಂದ ಒಂದು ಮುದಿದನಿ ಎಷ್ಟು ಗಟ್ಟಿಯಾಗಿ ಬೈಯಿತೆಂದರೆ ನನಗೂ ಕೇಳಿಸಿತು. "ಏನಂತಾಳೆ?" ಅಂದೆ. ಮಾಲಿ ನಗುತ್ತಲೂ ಅಳುತ್ತಲೂ ಇದ್ದಳು. "ಕೊಂಡ ತಾಯಿಗೆ ಇಷ್ಟು ವರ್ಷ ಒಂದು ಫೋನಿಲ್ಲ ಅಂತ ಬೈತಿದ್ದಾಳೆ!"

ಮಾಲಿ ಮತ್ತೆ ಊರಿಗೆ ಹೋದಳು. ಗದ್ದೆಯ ವಿಚಾರಣೆಯ ದಿನ ಮೊಮ್ಮಗನ ಬೈಕಿನ ಹಿಂದೆ ಕೂತು ಬುವಾ ಸರ್ಕಾರಿ ಕಚೇರಿಗೆ ಬಂದಳಂತೆ. ಚಿಕ್ಕಪ್ಪನ ಕಡೆಯವರು, "ಅಜ್ಜಿಗೆ ವಯಸ್ಸಾಗಿದೆ, ಮರೆವು" ಎಂದರಂತೆ. ಅಷ್ಟು ಸಾಕಾಯಿತು ಅವಳಿಗೆ.

"ಮರೆವೇ? ಮೊರ ಯಾರು ಹಿಡಿದಿದ್ದರು ಅಂತಲೂ ಹೇಳಲೇನು? ಒಂದು ತುದಿ ಇವಳಜ್ಜಿ. ಇನ್ನೊಂದು ತುದಿ, ಇಗೋ, ಈ ದೊಡ್ಡ ಮನುಷ್ಯ! ಆಗ ಚಡ್ಡಿ ನಿಲ್ಲುತ್ತಿರಲಿಲ್ಲ ಸೊಂಟದ ಮೇಲೆ. ಕುಣಿದೂ ಕುಣಿದೂ ಕೂಸನ್ನು ನೆಲಕ್ಕೆ ಬೀಳಿಸಿಬಿಟ್ಟ!"

ಚಿಕ್ಕಪ್ಪ ಕುರ್ಚಿಯಿಂದ ಎದ್ದುಬಿಟ್ಟ. "ಸುಳ್ಳು! ನಾನು ಬೀಳಿಸಲಿಲ್ಲ! ಗಟ್ಟಿಯಾಗಿ ಹಿಡಿದಿದ್ದೆ!"

ಅಧಿಕಾರಿ ಪೆನ್ನು ಕೆಳಗಿಟ್ಟು ಕೇಳಿದರಂತೆ, "ಯಾರನ್ನು?"

ಚಿಕ್ಕಪ್ಪ ಮತ್ತೆ ಕುರ್ಚಿಯಲ್ಲಿ ಕೂತು ಹೇಳಿದನಂತೆ, "ಅಣ್ಣನ ಮಗಳನ್ನು."

ಗೆದ್ದಳು ಅವ್ವಾ! ಗದ್ದೆಯೂ ಬಂತು, ಅಪ್ಪನೂ ಬಂದ. ಹೊರಗೆ ಹುಣಸೆಮರದ ಕೆಳಗೆ ಬುವಾ ಎಲ್ಲರಿಗೂ ಊಟ ಹಾಕಿಸಿದಳು, ಚಿಕ್ಕಪ್ಪನಿಗೂ. ಅವನು ಉಣ್ಣುತ್ತಲೂ ಗೊಣಗುತ್ತಿದ್ದನಂತೆ, "ಬೀಳಿಸಲಿಲ್ಲ ನಾನು."

ಇದನ್ನೆಲ್ಲ ಮಾಲಿ ತಿರುಗಿ ಬಂದ ದಿನ ನನ್ನ ಮನೆಯಲ್ಲಿ ಕೂತು ಹೇಳಿದಳು. ಅವಳ ಮಗಳು ನೋಯ್ ಹಸುಗೂಸನ್ನು ಎತ್ತಿಕೊಂಡು ಕೇಳಿದಳು. ಬಾಣಂತನಕ್ಕೆ ಸರಿಯಾಗಿ ಅಮ್ಮ ಬಂದಳಲ್ಲ ಎಂಬ ಖುಷಿ ಅವಳಿಗೆ. ನಿನ್ನ ಮೊಮ್ಮಗಳು ವೀಣಾ, ಕನ್ನಡವೆಲ್ಲ ತಿಳಿದೂ ಇಂಗ್ಲಿಷಿನಲ್ಲೇ ಉತ್ತರ ಕೊಡುವವಳು, "ಅಮ್ಮಾ, ಡಿಡ್ ಅಜ್ಜಿ ರಿಯಲಿ ಸೆಲ್ ಯೂ?" ಎಂದು ಬಾಯಿ ತೆರೆದಳು. ನೋಯ್ ನಕ್ಕು, "ನಮ್ಮ ಕೂಸಿಗೆ ಅಂಥ ಕಷ್ಟವಿಲ್ಲಪ್ಪಾ, ಕೌನ್ಸಿಲ್‌ನಲ್ಲಿ ಹೆಸರು ಬರೆಸಿ ಸರ್ಟಿಫಿಕೇಟು ತಂದಾಗಿದೆ" ಅಂದಳು.

ಮರುದಿನ ಬೆಳಿಗ್ಗೆ ಬಾಗಿಲ ಗಂಟೆ. ನೋಯ್ ಚಪ್ಪಲಿಯಲ್ಲೇ ನಿಂತಿದ್ದಳು, ಕೂಸು ಕಂಬಳಿಯಲ್ಲಿ, ಹಿಂದೆ ಮಾಲಿ. "ಆಂಟೀ, ಆ ಮೊರ ಕೊಡ್ತೀರಾ?" ಹಿತ್ತಲಲ್ಲಿ ಕೂಸನ್ನು ನಿನ್ನ ಮೊರದಲ್ಲಿ ಮಲಗಿಸಿದೆವು. ಒಂದು ತುದಿ ಮಾಲಿ, ಇನ್ನೊಂದು ತುದಿ ವೀಣಾ. ಮಾಲಿ ತನ್ನ ಮಾತಿನಲ್ಲಿ ಮೂರು ಸಲ ಕೂಗಿದಳು. ಬೇಲಿಯಾಚೆಯ ಇಂಗ್ಲಿಷ್ ಮುದುಕ ಕಿಟಕಿಯ ಪರದೆ ಸರಿಸಿ ನೋಡಿದ. ಈ ಊರಿನಲ್ಲಿ ತೌಡು ಎಲ್ಲಿಂದ ತರಲಿ? ಬ್ರಾನ್ ಫ್ಲೇಕ್ಸಿನ ಡಬ್ಬಿ ಮುಂದೆ ಹಿಡಿದು, "ನಂದವ್ವಾ! ಈ ಕೂಸು ನಂದು!" ಎಂದು ಕಿಂಗ್ಸ್‌ಬರಿಗೆಲ್ಲ ಕೇಳುವಂತೆ ಕೂಗಿ ಕೊಂಡೆ. ಕೊಂಡು ನೀಲವ್ವ ಅಂದಂತೆಯೇ "ಸಾಕಿ ಕೊಡವಾ" ಎಂದು ನೋಯ್ ಮಡಿಲಿಗೆ ಹಾಕಿದೆ.

ಮೊರ ಕೆಳಗಿಟ್ಟ ವೀಣಾ, ಯಾರೂ ಕೇಳದಿದ್ದರೂ, ಕನ್ನಡದಲ್ಲಿ ಹೇಳಿದಳು: "ನಾನು ಬೀಳಿಸಲಿಲ್ಲ."