ಹದ್ದಿನ ಬೆಟ್ಟಕ್ಕೆ ಬಿಟ್ಟ ಹಸು

ಕೈಲಾಂಚ
೭–೨–೨೦೨೫

ಚಿರಂಜೀವಿ ಲತಾಮಣಿಗೆ ಅಪ್ಪನ ಆಶೀರ್ವಾದಗಳು. ನಾನು ಕ್ಷೇಮ, ಮಂಡಿನೋವು ಅದರ ಪಾಡಿಗದು. ವಿತ್ ರೆಫರೆನ್ಸ್ ಟು ಯುವರ್ ಲೆಟರ್, ಉತ್ತರ ತಡವಾಯಿತು. ಫೋನ್ ಮಾಡಬಹುದಿತ್ತು, ಆದರೆ ನಿನ್ನ ದನಿ ಕೇಳಿದರೆ ಹೇಳಬೇಕಾದ್ದು ಬಿಟ್ಟು ಮಗುವಿನ ಮಾತಿಗೇ ಇಳಿಯುತ್ತೇನೆ.

ನಿಮ್ಮಮ್ಮನ ಹಸು ಗೌರಿ ಸಂಕ್ರಾಂತಿಗೆ ಮೊದಲೇ ಹೋಯಿತು. ಮೂರು ದಿನ ಮಲಗಿದಲ್ಲೇ ನರಳಿತು. ನಮ್ಮ ಮನೆಯಲ್ಲಿ ಸತ್ತ ದನವನ್ನು ಹೂಳುವ ರೂಢಿಯಿಲ್ಲವಲ್ಲ, ಬೆಟ್ಟದ ಬಂಡೆಗೆ ಒಯ್ದು ರಣಹದ್ದುಗಳಿಗೆ ಬಿಡುವುದು. ಅರಣ್ಯ ಇಲಾಖೆಯ ಕಾವಲುಗಾರ ಮುನಿಕೃಷ್ಣ ಬೆಟ್ಟದ ಗೇಟು ತೆಗೆಯುವ ಮುಂಚೆ ಕೇಳಿದ, "ಚೆಲುವಣ್ಣ, ನೋವಿನ ಇಂಜೆಕ್ಷನ್ ಕೊಡ್ಸಿಲ್ಲ ತಾನೆ? ಅಂಥ ದನ ತಿಂದ್ರೆ ಹದ್ದು ಸತ್ತೋಯ್ತವೆ."

"ಡಾಕ್ಟ್ರೇ ಬಂದಿಲ್ಲ ಕಣ್ಲಾ" ಅಂದೆ.

ವಾರದೊಳಗೆ ಒಂದು ಹದ್ದು ಬಂಡೆಯ ಬುಡದಲ್ಲಿ ಕತ್ತು ಜೋತುಬಿಟ್ಟು ಸತ್ತಿತ್ತು. ಗೇಟಿನ ಬೋರ್ಡಿನಲ್ಲಿ ಅವುಗಳ ಹೆಸರಿನ ಮುಂದೆ 'ಕ್ರಿಟಿಕಲಿ ಎಂಡೇಂಜರ್ಡ್' ಎಂದಿದೆ, ಅಳಿವಿನ ಅಂಚಿನಲ್ಲಿವೆ ಅಂತ. ಕಾಲೇಜಿನಲ್ಲಿ ಇಷ್ಟುದ್ದದ ಇಂಗ್ಲಿಷ್ ಕಲಿತ ನೆನಪಿಲ್ಲ. ಇಡೀ ಬೆಟ್ಟ ಸಂರಕ್ಷಿತವಾಗಿರುವುದೇ ಉಳಿದ ಆ ಕೆಲವು ಹಕ್ಕಿಗಳಿಗಾಗಿ. ಸತ್ತದ್ದರ ಹೊಟ್ಟೆಯಲ್ಲಿ ನೋವಿನ ಔಷಧಿ ಸಿಕ್ಕಿತಂತೆ. ಮುನಿಕೃಷ್ಣನನ್ನು ಕೆಲಸದಿಂದ ನಿಲ್ಲಿಸಿದ್ದಾರೆ. ಯಾರ ದನ ಎಂದು ಅವನು ಬಾಯಿ ಬಿಟ್ಟಿಲ್ಲ.

ನಿನ್ನೆ ಟೀ ಅಂಗಡಿಯಲ್ಲಿ ಸಿಕ್ಕಿದ. ಜೊತೆಗೆ ರೇಷ್ಮೆ ನೂಲು ತೆಗೆಯುವ ನಮ್ಮ ಮಕ್ಬೂಲ್ ಇದ್ದ. "ಏನ್ಲಾ ಮುನಿ, ಹದ್ದಿಗೂ ಪೋಸ್ಟ್‌ಮಾರ್ಟಂ ಆಯ್ತಂತೆ. ನಾವ್ ಸತ್ರೆ ಯಾರ್ಲಾ ಕೇಳ್ತಾರೆ?" ಎಂದು ರೇಗಿಸಿದ. ಮುನಿಕೃಷ್ಣ ನಗಲಿಲ್ಲ. ನನ್ನ ಕಡೆ ತಿರುಗಿ, "ನಿನ್ ಹಸ ಅಲ್ಲ ಬುಡಣ್ಣ, ನಂಗೊತ್ತು. ನೀನ್ಯಾಕ್ ಸುಳ್ ಹೇಳೀಯೆ?" ಅಂದ. ನನ್ನ ಟೀಗೂ ಅವನೇ ದುಡ್ಡು ಕೊಟ್ಟ. ಕುಡಿಯಲಾಗಲಿಲ್ಲ ಮಗಳೇ.

ಸೋಮವಾರ ಬೆಟ್ಟದ ಆಫೀಸಿಗೆ ಹೋಗುತ್ತೇನೆ. ನೀನು ಆಸ್ಪತ್ರೆಗೆ ರಜೆ ಹಾಕಿ ಮಾಗಡಿಯಿಂದ ಓಡಿ ಬರಬೇಡ. ಮಗುವಿನ ಕೆನ್ನೆಗೆ ನನ್ನದೊಂದು ಮುತ್ತು ಕೊಡು. ನಿನ್ನ ಹೊಟ್ಟೆ ತಣ್ಣಗಿರಲಿ.

ನಿನ್ನ ಅಪ್ಪ,
ಚೆಲುವಯ್ಯ

ವಿ.ಸೂ.: ಡಾಕ್ಟರು ಬಂದಿರಲಿಲ್ಲ, ಅದು ನಿಜ. ನಿಮ್ಮಮ್ಮನಿಗೆ ಕೊನೆಯಲ್ಲಿ ನೀನು ನೋವಿಗೆಂದು ಹಾಕುತ್ತಿದ್ದ ಇಂಜೆಕ್ಷನ್‌ಗಳಲ್ಲಿ ಆರು ಅವಳ ಬಿಸ್ಕತ್ ಡಬ್ಬಿಯಲ್ಲಿ ಉಳಿದಿದ್ದವು. ಎರಡು ವರ್ಷವಾದರೂ ಎಸೆಯಲು ಮನಸ್ಸಾಗಿರಲಿಲ್ಲ. ಗೌರಿ ಅವಳ ಹಾಗೆಯೇ ನರಳಿತು. ನೀನು ಹಾಕುವುದನ್ನು ನೋಡಿದ್ದೆನಲ್ಲ, ಆರನ್ನೂ ನಾನೇ ಹಾಕಿದೆ. ಮನುಷ್ಯರ ಔಷಧಿಯಿಂದ ಹದ್ದಿಗೇನಾಗುತ್ತದೆ ಅಂದುಕೊಂಡೆ. ಖಾಲಿ ಸೀಸೆಗಳು ಇನ್ನೂ ಡಬ್ಬಿಯಲ್ಲಿವೆ. ಸೋಮವಾರ ಡಬ್ಬಿ ಸಮೇತ ಅವರ ಮೇಜಿನ ಮೇಲಿಡುತ್ತೇನೆ. ಅದರ ಮುಚ್ಚಳದ ಮೇಲೆ ನಿಮ್ಮಮ್ಮ ತನ್ನ ಹೆಸರು ಗೀಚಿದ್ದಾಳೆ. ವಾಪಸ್ ಕೊಡುತ್ತಾರೋ ಇಲ್ಲವೋ, ಕೇಳಲು ನನಗೆ ಬಾಯಿ ಬರುವುದಿಲ್ಲ.