ಹದಿನಾಲ್ಕು ಮಂದಿಯ ಉತ್ಸಾಹಕ್ಕೆ ನಾನೇ ಹೊಣೆ

ಸಮೀಕ್ಷೆಯ ಫಲಿತಾಂಶದಿಂದ ಸಂತುಷ್ಟರಾಗಿರುವ ಮಾನ್ಯ ಆರೋಗ್ಯಾಧಿಕಾರಿಗಳೇ,

ಬರುವ ಸೋಮವಾರದೊಳಗೆ ಎಲ್ಲ ಆರೋಗ್ಯ ಕಾರ್ಯಕರ್ತೆಯರೂ ತಮ್ಮ ನೋಟ್‌ಬುಕ್ಕುಗಳನ್ನು ಕಚೇರಿಗೆ ಒಪ್ಪಿಸಬೇಕು, ಇನ್ನು ಮುಂದೆ ರೋಗಿಗಳ ವಿಷಯವನ್ನು ಆ್ಯಪ್‌ನಲ್ಲಲ್ಲದೆ ಬೇರೆಲ್ಲೂ ಬರೆಯಕೂಡದು ಎಂದು ಆದೇಶಿಸಿದ್ದೀರಿ. ನಮ್ಮ ಕೇಂದ್ರದ ಹದಿನಾಲ್ಕೂ ಕಾರ್ಯಕರ್ತೆಯರು "ನನಗೆ ಕಾಗದದ ಅಗತ್ಯವಿಲ್ಲ" ಎಂಬ ವಾಕ್ಯವನ್ನು ಸಂಪೂರ್ಣವಾಗಿ ಒಪ್ಪಿದ್ದಾರೆ ಎಂಬುದು ಅದಕ್ಕೆ ನೀವು ಕೊಟ್ಟ ಆಧಾರ. ಆ ಹದಿನಾಲ್ಕು ಉತ್ತರಗಳನ್ನೂ ಒತ್ತಿದ ಬೆರಳು ನನ್ನದು.

ನಾನು ಕಾರ್ಯಕರ್ತೆಯಲ್ಲ. ಸಾಹಿತ್ಯದಲ್ಲಿ ಪದವಿ ಪಡೆದು ಮನೆಯಲ್ಲಿರುವವಳು. ನಾಲ್ಕು ಜನರ ಎದುರು ಬಾಯಿ ಬಿಡಲು ಹಿಂಜರಿಯುತ್ತೇನೆ, ಆದ್ದರಿಂದಲೇ ಬರೆಯುತ್ತಿದ್ದೇನೆ. ಕಾರ್ಯಕರ್ತೆ ನನ್ನ ಚಿಕ್ಕಮ್ಮ. ಸಮೀಕ್ಷೆಯ ದಿನ ಅವಳು ನನ್ನನ್ನು ಕೇಂದ್ರಕ್ಕೆ ಕರೆದೊಯ್ದು ತೂಕದ ಯಂತ್ರದ ಪಕ್ಕದ ಬೆಂಚಿನ ಮೇಲೆ ಕೂರಿಸಿದಳು. ಎಲ್ಲರ ಪರವಾಗಿ ಉತ್ತರ ತುಂಬಲೆಂದು ಹದಿನಾಲ್ಕು ಫೋನುಗಳು ನನ್ನ ಮಡಿಲಿಗೆ ಬಂದವು. "ತಂತ್ರಜ್ಞಾನದ ಬಗ್ಗೆ ನಿಮ್ಮ ಮನೋಭಾವ" ಎಂಬುದು ಸಮೀಕ್ಷೆಯ ಶೀರ್ಷಿಕೆ.

"ಕಾಗದ ಬೇಡ್ವಂತಾ? ಒಪ್ಪಲ್ಲ ಅಂತ ಒತ್ತು," ಎಂದಳು ಚಿಕ್ಕಮ್ಮ.

ಒತ್ತಿದೆ. ಇನ್ನೂರು ಅಕ್ಷರಗಳಿಗೆ ಕಡಿಮೆಯಿಲ್ಲದಂತೆ ಕಾರಣ ಬರೆಯಿರಿ ಎಂದಿತು ಪರದೆ. ಬರೆದೆ. ನೆಟ್‌ವರ್ಕ್ ಹೋಗಿ ಬರೆದದ್ದೆಲ್ಲ ಅಳಿಸಿಹೋಯಿತು. ಮತ್ತೆ ಬರೆದೆ, ಮತ್ತೆ ಅಳಿಸಿಹೋಯಿತು.

"ಒಪ್ಪಿದ್ರೆ ಏನು ಕೇಳುತ್ತೆ?"

"ಏನೂ ಕೇಳಲ್ಲ ಚಿಕ್ಕಮ್ಮ, ಮುಂದಕ್ಕೆ ಹೋಗುತ್ತೆ."

"ನಮ್ಮ ಯಜಮಾನ್ರ ಥರಾನೇ ಇದೆ," ಎಂದರು ಎಲ್ಲರೂ ದೊಡ್ಡಕ್ಕ ಎಂದು ಕರೆಯುವ ಹಿರಿಯ ಕಾರ್ಯಕರ್ತೆ. "ಒಪ್ಪಿಬಿಡು ತಾಯಿ. ಇನ್ನೂ ಆರು ಮನೆಗೆ ಹೋಗೋದಿದೆ."

ಹೀಗೆ ಅರ್ಧ ಗಂಟೆಯಲ್ಲಿ ಹದಿನಾಲ್ಕು ಮನೋಭಾವಗಳು ಸಿದ್ಧವಾದವು. ನಿಮ್ಮ ವರದಿ ಅದನ್ನು "ಅಭೂತಪೂರ್ವ ಉತ್ಸಾಹ" ಎಂದು ಕರೆದಿದೆ.

ಹಾಗೆಂದು ಇವರನ್ನು ಫೋನಿನ ವೈರಿಗಳೆಂದು ತಿಳಿಯಬೇಡಿ. ಫೋನಿನಲ್ಲಿ ಮಗುವಿನ ತೂಕದ ಗೆರೆ ಮೇಲೇರುವುದನ್ನು ತಾಯಂದಿರಿಗೆ ತೋರಿಸುವಾಗ ಚಿಕ್ಕಮ್ಮನ ಮುಖ ನೋಡಬೇಕು. ಆದರೆ ಕಳೆದ ತಿಂಗಳು ಟೈಲರ್ ಅಂಗಡಿಯ ಮೇಲಿನ ಮನೆಗೆ ನಾನೂ ಅವಳ ಜೊತೆ ಹೋಗಿದ್ದೆ. ಅಲ್ಲೊಬ್ಬಳು ಏಳು ತಿಂಗಳ ಗರ್ಭಿಣಿ. ತಲೆನೋವಿದೆಯೇ ಎಂದು ಆ್ಯಪ್ ಕೇಳಿತು, ಚಿಕ್ಕಮ್ಮ ಓದಿದಳು. ಬಾಗಿಲಲ್ಲಿ ನಿಂತಿದ್ದ ಅತ್ತೆಯತ್ತ ನೋಡಿ ಆಕೆ "ಇಲ್ಲ" ಎಂದಳು. ಪರದೆಯ ಮೇಲೆ ಹಸಿರು ಗುರುತು ಮೂಡಿತು. ಮೆಟ್ಟಿಲಿಳಿದ ಮೇಲೆ ಚಿಕ್ಕಮ್ಮ ನೋಟ್‌ಬುಕ್ ತೆಗೆದು ಬರೆದಳು: "ಇಲ್ಲ ಅಂದಳು. ಕಣ್ಣು ಉಜ್ಜುತ್ತಿದ್ದಳು. ಅತ್ತೆ ಇಲ್ಲದಾಗ ಮತ್ತೆ ಹೋಗಬೇಕು." ಅದೇ ದಿನ ಮಧ್ಯಾಹ್ನ ಮೂರು ಗಂಟೆಗೆ ಹೋದೆವು. ಆಗ ತಲೆನೋವೂ ಇತ್ತು, ಕಣ್ಣು ಮಂಜಾಗುವುದೂ ಇತ್ತು, ರಕ್ತದೊತ್ತಡ ಮಿತಿ ಮೀರಿತ್ತು. ಚಿಕ್ಕಮ್ಮ ಅದೇ ಫೋನಿನಿಂದ ವೈದ್ಯರಿಗೆ ಕರೆ ಮಾಡಿ, ಆಕೆಯನ್ನು ಆಸ್ಪತ್ರೆಗೆ ಸೇರಿಸಿದಳು. ತಾಯಿ, ಹೊಟ್ಟೆಯಲ್ಲಿದ್ದ ಮಗು ಇಬ್ಬರೂ ಉಳಿದರು. ನಿಮ್ಮ ದಾಖಲೆಯಲ್ಲಿ ಆ ಬೆಳಗಿನ ಭೇಟಿ ಇಂದಿಗೂ ಹಸಿರಾಗಿಯೇ ಇದೆ.

ರೋಗಿಗಳ ಗುಟ್ಟು ಕೈಚೀಲದ ನೋಟ್‌ಬುಕ್ಕಿನಲ್ಲಿ ಸುರಕ್ಷಿತವಲ್ಲ ಎನ್ನುತ್ತೀರಿ. ಒಪ್ಪುತ್ತೇನೆ, ಈ ಸಲ ನಿಜವಾಗಿಯೇ. ಹಾಗಾದರೆ "ಇಲ್ಲ ಅಂದಳು" ಎಂದು ಬರೆಯಲು ನಿಮ್ಮ ಆ್ಯಪ್‌ನಲ್ಲಿ ಜಾಗವೆಲ್ಲಿದೆ? ಅತ್ತೆ ಮನೆಯಲ್ಲಿಲ್ಲದ ಹೊತ್ತು ಯಾವುದೆಂದು ಬರೆಯಲು? ಅಥವಾ ಇಂಥದ್ದಕ್ಕೆ ಜಾಗ ಬೇಕೆಂದು ನಿಮಗೆ ಯಾರೂ ಹೇಳಲೇ ಇಲ್ಲವೇ? ಹೇಳುವವರ ಬಾಯನ್ನು ನಿಮ್ಮ ಇನ್ನೂರು ಅಕ್ಷರಗಳು ಮುಚ್ಚಿಸಿದವು. ಉಳಿದದ್ದನ್ನು ನಾನು ಮುಚ್ಚಿಸಿದೆ.

ಚಿಕ್ಕಮ್ಮನ ನೋಟ್‌ಬುಕ್ಕಿನಲ್ಲಿ ಈಗ "ಮತ್ತೆ ಹೋಗಬೇಕು" ಎಂಬ ಸಾಲುಗಳು ಹತ್ತೊಂಬತ್ತಿವೆ. ಹತ್ತೊಂಬತ್ತು ಮನೆಗಳು. ನೆನಪಿಟ್ಟುಕೊಳ್ಳಲು ಆಗುವುದಿಲ್ಲವೇ ಎಂದು ನಿನ್ನೆ ಕೇಳಿದೆ. "ಕನ್ನಡಕ ಎಲ್ಲಿಟ್ಟೆ ಅಂತಾನೇ ನೆನಪಿರಲ್ಲ ಕಣೇ ನಂಗೆ," ಎಂದಳು. ನಾನು ನಕ್ಕೆ. ಅವಳು ನಗಲಿಲ್ಲ.

ಆದ್ದರಿಂದ ನನ್ನ ಹದಿನಾಲ್ಕು ಉತ್ತರಗಳನ್ನು ಹೊಡೆದುಹಾಕಿ. ಆದೇಶವನ್ನು ಹಿಂದಕ್ಕೆ ಪಡೆಯಿರಿ. ತೂಕದ ಯಂತ್ರದ ಪಕ್ಕದ ಆ ಬೆಂಚಿನ ಮೇಲೆ ನೀವೇ ಬಂದು ಕೂತು ಒಬ್ಬೊಬ್ಬರನ್ನೂ ಕೇಳಿ. ಅವರು ಹೇಳಿದ್ದಕ್ಕೆ ಆ್ಯಪ್‌ನಲ್ಲಿ ಜಾಗವಾಗುವವರೆಗೆ ನೋಟ್‌ಬುಕ್ಕುಗಳು ಅವರ ಬಳಿಯೇ ಇರಲಿ. ಸುಳ್ಳು ಉತ್ತರಕ್ಕೆ ಶಿಕ್ಷೆಯಿದ್ದರೆ ನೋಟಿಸು ನನ್ನ ಹೆಸರಿಗೆ ಬರಲಿ, ಅವರ ಹೆಸರಿಗಲ್ಲ; ಹೆಸರು, ವಿಳಾಸ ಲಕೋಟೆಯ ಮೇಲಿವೆ. ಸೋಮವಾರ ನೋಟ್‌ಬುಕ್ ಒಯ್ಯಲು ಬರುವವರಿಗೆ ಕೇಂದ್ರದ ಬಾಗಿಲಲ್ಲಿ ನಾನು ಸಿಗುತ್ತೇನೆ. ಮಾತು ಹೊರಡದೆ ಇರಬಹುದು. ಆದರೂ ದಾರಿ ಬಿಡುವುದಿಲ್ಲ.

ಇಂತಿ,
ನಿಮ್ಮ ವರದಿಯ ಹದಿನಾಲ್ಕು ಉತ್ಸಾಹಿ ಕಾರ್ಯಕರ್ತೆಯರು,
ಅರ್ಥಾತ್, ಕೆಲಸವಿಲ್ಲದ ಒಬ್ಬ ಪದವೀಧರೆ